ಕಂಡಕ್ಟರ್ ಕಟ್ಟಿದ ಬಚ್ಚಲು

ಮೇಲಿನ ಕೀಲಿನ ಸ್ಕ್ರೂಗಳೆಲ್ಲ ಸಲೀಸಾಗಿ ಬಂದವು. ನಡುವಿನ ಕೀಲಿನಲ್ಲಿ ಒಂದು ಮಾತ್ರ ಹಟ ಹಿಡಿದು ಕೂತಿತು. ಗಂಡ ಸ್ಕ್ರೂಡ್ರೈವರಿನ ಹಿಡಿಗೆ ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದ. ಸ್ಕ್ರೂವಿನ ತಲೆ ಸವೆಯಿತೇ ಹೊರತು ಸ್ಕ್ರೂ ಕದಲಲಿಲ್ಲ. ಬಚ್ಚಲ ಬಾಗಿಲು ಅಷ್ಟರಲ್ಲಾಗಲೇ ಮೇಲ್ಗಡೆಯಿಂದ ಒಂದು ಬೆರಳಷ್ಟು ಹೊರಕ್ಕೆ ವಾಲಿತ್ತು.

"ರೀ, ಏನ್ ಮಾಡ್ತಾ ಇದೀರಿ?" ಅಂದಳು ಸೊಸೆ, ಅವನ ಬೆನ್ನ ಹಿಂದಿನಿಂದ.

"ಕಾಣ್ತಾ ಇಲ್ವಾ? ಬಾಗಿಲು ಕೀಳ್ತಾ ಇದೀನಿ."

"ಇವತ್ತಾ? ಅಲ್ಲಿ ಹಾಲ್‌ನಲ್ಲಿ ಮಾವನ್ನ ಮಲಗಿಸಿದೆ. ಬಂದೋರೆಲ್ಲ ಕೂತಿದಾರೆ. ನೀವಿಲ್ಲಿ ಕುಟ್ಟೋದು ತಿರುವೋದು ಮಾಡ್ತಿದ್ರೆ ಏನನ್ಕೋತಾರೆ?"

"ಏನ್ ಬೇಕಾದ್ರೂ ಅಂದ್ಕೊಳ್ಳಲಿ. ಅಮ್ಮ ನಿನ್ನೆಯಿಂದ ಈ ಕಡೆ ತಲೆ ಹಾಕಿಲ್ಲ. ಬಾಗಿಲು ಹೋದ್ರೆ ಹೆದರಿಕೆನೂ ಹೋಗುತ್ತೆ. ಒಂದು ಪರದೆ ಇಳಿಬಿಡ್ತೀನಿ."

"ಮನೆ ತುಂಬ ಗಂಡಸರು. ಪರದೆ ಹಿಂದೆ ಹೋಗಿ ಕೂರ್ತಾರಾ ನಿಮ್ಮಮ್ಮ? ನೀವು ಕೂರ್ತೀರಾ?"

ಗಂಡ ಸ್ಕ್ರೂಡ್ರೈವರನ್ನು ಮತ್ತೆ ಸ್ಕ್ರೂವಿಗೆ ಒತ್ತಿದ. ಅವನ ಕುತ್ತಿಗೆಯ ನರ ಉಬ್ಬಿಕೊಂಡಿತ್ತು. ಅವನು ಲಿಫ್ಟ್ ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳಲ್ಲೆಲ್ಲ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದೇ ಅವನ ಕೆಲಸ. ನಿನ್ನೆ ಮಧ್ಯಾಹ್ನ ಅವನು ಯಾವುದೋ ಆಫೀಸಿನ ಲಿಫ್ಟಿನಿಂದ ಗುರುತಿಲ್ಲದ ಇಬ್ಬರನ್ನು ಹೊರಗೆ ತೆಗೆಯುತ್ತಿದ್ದಾಗ, ಇಲ್ಲಿ ಅವನ ತಾಯಿ ಬಚ್ಚಲೊಳಗೆ ಸಿಕ್ಕಿಕೊಂಡಿದ್ದಳು. ಬಾಗಿಲಿಗೆ ಅಡ್ಡವಾಗಿದ್ದವನು ಅವನ ತಂದೆ, ಸ್ಟೂಲಿನ ಮೇಲೆ ಕೂತಲ್ಲೇ ಜೀವ ಹೋಗಿ. ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ಕೂರಿಸಿದವನು ತಾನೇ ಅನ್ನುವುದನ್ನು ಅವನಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

"ಸರಿಯೋ ಬಾಗಿಲು ಹಾಕ್ತೀನಿ ಅಂದಿದ್ದೆ ಕಣೇ ನಾನು," ಅಂದ ಮೆಲ್ಲಗೆ. "ಲಿಫ್ಟಿನ ಹಾಗೆ, ಪಕ್ಕಕ್ಕೆ. ಕೇಳಲಿಲ್ಲ. ನಮ್ಮ ಬಸ್ಸಿನ ಬಾಗಿಲೇನು ಪಕ್ಕಕ್ಕೆ ಸರೀತಿತ್ತಾ ಅಂದ್ರು."

ಅಷ್ಟರಲ್ಲಿ ಗೇಟಿನ ಹತ್ತಿರ ಹಾರ್ನ್ ಕೇಳಿಸಿತು. ಅವನ ಅಕ್ಕ, ಸೊಸೆಯ ನಾದಿನಿ, ಹಾಲ್‌ನಿಂದಲೇ ಕೂಗಿದಳು. "ಲೋ, ವ್ಯಾನ್ ಬಂತು ಬಾರೋ. ಎಲ್ಲಿ ಸತ್ಯೋ?" ಬಾಯಿಂದ ಜಾರಿದ ಮಾತಿಗೆ ತಾನೇ ಬೆಚ್ಚಿ, "ಎಲ್ಲಿದೀಯೋ?" ಅಂತ ತಿದ್ದಿಕೊಂಡಳು.

ಗಂಡ ಸ್ಕ್ರೂಗಳನ್ನು ಅಂಗಿಯ ಜೇಬಿಗೆ ಸುರಿದುಕೊಂಡು, ಬಾಗಿಲ ಕೆಳಗೆ ಒಂದು ಮರದ ಚಕ್ಕೆ ತುರುಕಿ, ಸ್ಕ್ರೂಡ್ರೈವರ್ ಹಿಡಿದುಕೊಂಡೇ ನಡೆದ. ಸೊಸೆ ಬಾಗಿಲನ್ನು ಒಮ್ಮೆ ನೋಡಿದಳು. ಕೆಳಗಿನ ಕೀಲು, ನಡುವೆ ತಲೆ ಸವೆದ ಆ ಒಂದು ಸ್ಕ್ರೂ. ಅಷ್ಟೇ ಹಿಡಿದುಕೊಂಡಿದ್ದುದು. ಆಮೇಲೆ ನೋಡೋಣ ಅಂದುಕೊಂಡು ಅವಳೂ ಹಾಲ್‌ಗೆ ಹೋದಳು.

*

ಈ ಬಚ್ಚಲಿಗೂ ಒಂದು ಕತೆಯಿದೆ.

ಎರಡು ವರ್ಷದ ಹಿಂದೆ ಅತ್ತೆ ಇದೇ ಬಚ್ಚಲಲ್ಲಿ ಸೋಪು ಎತ್ತಿಕೊಳ್ಳಲು ಬಗ್ಗಿ ಬಿದ್ದಿದ್ದಳು. ಆಗ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಬಿದ್ದವಳು ಬಾಗಿಲಿಗೇ ಅಡ್ಡವಾಗಿ ಬಿದ್ದಿದ್ದಳು. ಹೊರಗಿನಿಂದ ಮಾವ ಎಷ್ಟು ನೂಕಿದರೂ ನಾಲ್ಕು ಬೆರಳು ತೂರುವಷ್ಟು ಸಂದಾಯಿತೇ ವಿನಾ ಇನ್ನಷ್ಟು ಆಗಲಿಲ್ಲ. ಜೋರಾಗಿ ನೂಕಿದರೆ ಅವಳಿಗೇ ನೋವು. ಕೊನೆಗೆ ಮಗ ಓಡಿ ಬಂದು ಮೇಲಿನ ಹಲಗೆ ಒಡೆದು ಒಳಗಿಳಿಯುವ ತನಕ ಮಾವ ಆ ಸಂದಿಯಲ್ಲಿ ತೂರಿಸಿದ್ದ ಕೈ ತೆಗೆದಿರಲಿಲ್ಲ. ಒಳಗಿನಿಂದ ಅತ್ತೆ ಅದನ್ನು ಹಿಡಿದುಕೊಂಡಿದ್ದಳು.

ಸೊಂಟದ ಮೂಳೆ ಕೂಡಿಕೊಂಡು ಅತ್ತೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾವ ಬೇರೆ ಮನುಷ್ಯನಾಗಿದ್ದ.

"ಮೂವತ್ತು ವರ್ಷಕ್ಕೆ ಮೇಲೆ ಕಂಡಕ್ಟರ್ ಕೆಲಸ ಮಾಡಿದೀನಿ," ಅನ್ನುತ್ತಿದ್ದ ಬಂದವರ ಮುಂದೆಲ್ಲ. "ಊರೋರನ್ನೆಲ್ಲ ಹತ್ತಿಸಿ ಇಳಿಸಿದೆ. ಬಸುರಿಯರು, ಕುಡುಕರು, ಕೋಳಿ ಹಿಡ್ಕೊಂಡು ಬರೋರು. ಒಬ್ಬರೂ ಬಿದ್ದಿಲ್ಲ ನನ್ನ ಬಸ್ಸಲ್ಲಿ. ಇವಳು ನೋಡು, ಮನೇಲಿ ಬಿದ್ಲು. ಯಾಕೆ? ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಕಂಬಿ ಇಲ್ಲದ ಬಸ್ಸಿಗೆ ಜನ ಹತ್ತಿಸಿದ್ರೆ ತಪ್ಪು ಯಾರದು?"

ಪೇಟೆಯಲ್ಲಿ ಬಚ್ಚಲಿಗೆಂದೇ ಮಾಡಿದ ಹಿಡಿಗಳು ಸಿಗುತ್ತವೆ ಅಂತ ಮಗ ಹೇಳಿದ, ಫೋನಿನಲ್ಲಿ ಚಿತ್ರ ತೋರಿಸಿದ. ಮಾವ ಕನ್ನಡಕ ಏರಿಸಿ ನೋಡಿ, "ಇದಾ? ಟವೆಲ್ ಒಣಗಿಸೋಕೆ ಚೆನ್ನಾಗಿದೆ," ಅಂದ. ಮಾರನೆಯ ದಿನವೇ ತನ್ನ ಹಳೆಯ ಜೋಡಿ ಡ್ರೈವರನನ್ನು ಕರೆದುಕೊಂಡು ಗುಜರಿಗೆ ಹೋದ. ಅಲ್ಲಿ ಹಳೆಯ ಬಸ್ಸುಗಳನ್ನು ಒಡೆಯುತ್ತಿದ್ದರು. ಸಂಜೆ ಇಬ್ಬರೂ ಗಾಡಿಯಲ್ಲಿ ಹೇರಿಕೊಂಡು ಬಂದದ್ದು ನೋಡಿ ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೆಲದಿಂದ ಸೂರಿನ ತನಕ ನಿಲ್ಲುವ ಮೂರು ಕಂಬಿ, ಹಳದಿ ಬಣ್ಣ, ಕೈ ಹಿಡಿಯುವ ಜಾಗದಲ್ಲಿ ಬಣ್ಣ ಹೋಗಿ ಬೆಳ್ಳಿಯ ಹಾಗೆ ಮಿನುಗುವ ಉಕ್ಕು. ಕಾಲು ಜಾರದ ಹಾಗೆ ಗೀರುಗೀರಾಗಿದ್ದ ಫುಟ್‌ಬೋರ್ಡಿನ ತಗಡು. ಕಂಡಕ್ಟರನ ಒಂಟಿ ಸೀಟು. ಕೊನೆಗೆ ಗಂಟೆ, ಅದನ್ನು ಬಾರಿಸುವ ಹಗ್ಗದ ಸಮೇತ.

ಎಲ್ಲವನ್ನೂ ಬಚ್ಚಲಿಗೆ ಕೂರಿಸಿದರು. ಹೊಸ್ತಿಲು ಒಡೆದು ನೆಲ ಸಮ ಮಾಡಿದರು. ಒಳಗಿನ ಚಿಲಕ ಕಿತ್ತು ಹಾಕಿದರು. ಬಗ್ಗಬಾರದೆಂದು ಬಕೆಟ್ಟಿಗೆ ಕಟ್ಟೆ, ಬೀಳಬಾರದೆಂದು ಸೋಪಿಗೆ ದಾರ. ಬಾಗಿಲನ್ನು ಹೊರಕ್ಕೆ ತಿರುಗಿಸುವ ಕೆಲಸ ಮಾತ್ರ ಮಗನ ಪಾಲಿಗೆ ಬಂತು. "ಇನ್ನು ಒಳಗೆ ಯಾರು ಬಿದ್ರೂ ಎಳೆದ್ರೆ ಬಂತು ಬಾಗಿಲು," ಅಂದ ಮಾವ, ಎಳೆದು ತೋರಿಸುತ್ತ.

ಗಂಟೆ ಹೊರಗೆ, ಬಾಗಿಲ ಮೇಲುಗಡೆ. ಹಗ್ಗ ಒಳಗೆ, ಸೀಟಿನ ಪಕ್ಕ. ಪಾಠವಾಯಿತು. "ನೋಡೇ, ಇಷ್ಟು ದಿನ ನಾನು ಕಂಡಕ್ಟರ್. ಇನ್ಮೇಲೆ ನೀನು. ಒಂದು ಬೆಲ್ ಕೊಟ್ರೆ ಬೇಗ ಬಾ ಅಂತ. ನಾನು 'ರೈಟಾ' ಅಂತ ಕೇಳಿದಾಗ ಎರಡು ಬೆಲ್ ಕೊಟ್ರೆ ಎಲ್ಲ ಸರಿ ಅಂತ. ಡ್ರೈವರ್ ಗಾಡಿ ಬಿಡೋದೂ ಅದಕ್ಕೇ."

"ಬಾಯಿದೆಯಲ್ಲ ನಂಗೆ. ಕೂಗಿದ್ರೆ ಆಗಲ್ವಾ?"

"ಬಿದ್ದಾಗ ಬಾಯಿ ಎಲ್ಲಿ ಹೋಗಿತ್ತು?"

ಅವತ್ತಿನಿಂದ ಅತ್ತೆ ಬಚ್ಚಲಿಗೆ ಹೋದಾಗಲೆಲ್ಲ ಹೊರಗೆ ಇಕ್ಕಟ್ಟಾದ ಓಣಿಯಂಥ ಜಾಗದಲ್ಲಿ ಮಾವ ಸ್ಟೂಲ್ ಹಾಕಿ ಕೂರುತ್ತಿದ್ದ. ಬರಬರುತ್ತ ಕಿವಿ ಮಂದವಾದ ಮೇಲೆ ಬಾಗಿಲಿಗೇ ಬೆನ್ನು ಕೊಟ್ಟು ಕೂರತೊಡಗಿದ, ಒಳಗಿನ ಸದ್ದು ಬೆನ್ನಿಗೆ ತಿಳಿಯುತ್ತದೆ ಅಂತ. ಅತ್ತೆ ಅರ್ಧಕ್ಕೇ ಎದ್ದು ಬರಲು ನೋಡಿದರೆ, "ಹೋಲ್ಡಾನ್. ಸ್ಟಾಪ್ ಇನ್ನೂ ಬಂದಿಲ್ಲ, ಕೂತ್ಕೋ. ಕಾಲು ಒರೆಸ್ಕೋ ಮೊದ್ಲು," ಅನ್ನುತ್ತಿದ್ದ. ಅತ್ತೆಗೂ ಆಟ ಹತ್ತಿತು. ನೀರು ತಣ್ಣಗಾದರೆ ಒಂದು ಬೆಲ್. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದರೆ ಒಂದು ಬೆಲ್. ಮೇಲಿನ ಮನೆಯವರ ಸುದ್ದಿ ಏನಾದರೂ ಹೊಳೆದರೆ ಒಂದು ಬೆಲ್, ಆಮೇಲೆ ಪಿಸುಮಾತು. ಇಡೀ ಕಟ್ಟಡಕ್ಕೆ ಅವರ ಗಂಟೆ ಗೊತ್ತಿತ್ತು. ಮಕ್ಕಳು ಮಾವನಿಗೆ ರೈಟ್ ತಾತ ಅಂತ ಹೆಸರಿಟ್ಟವು.

ಸೊಸೆ ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಒಮ್ಮೆ ಜೊತೆಯವಳೊಬ್ಬಳು ಮನೆಗೆ ಬಂದು, ಬಚ್ಚಲಿಗೆ ಹೋಗಿ ಬಂದವಳು ಗಂಭೀರವಾಗಿ, "ಟಿಕೆಟ್ ಯಾರ ಹತ್ರ ತಗೋಬೇಕು?" ಅಂದಿದ್ದಳು. ಸೊಸೆ ನಾಚಿಕೆಯಿಂದ ಕುಗ್ಗಿಹೋಗಿದ್ದಳು. ಮಾವನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿಕೊಂಡು ನಕ್ಕ.

*

ಹಾಲ್‌ನಲ್ಲಿ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಡುವೆ ಐಸ್ ಪೆಟ್ಟಿಗೆಯೊಳಗೆ ಮಾವ, ಗಲ್ಲದ ತನಕ ಬಿಳಿ ಬಟ್ಟೆ ಹೊದ್ದು. ತಲೆಯ ಬದಿಗೆ ಅತ್ತೆ, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು. ನಿನ್ನೆಯಿಂದ ಅವಳು ಅತ್ತಿಲ್ಲ, ಒಂದು ಮಾತೂ ಆಡಿಲ್ಲ. ಅದಕ್ಕಿಂತ ಹೆಚ್ಚಾಗಿ ಸೊಸೆಯನ್ನು ಕಾಡಿದ್ದು ಇನ್ನೊಂದು. ಅತ್ತೆ ಒಂದು ಹನಿ ನೀರು ಮುಟ್ಟಿರಲಿಲ್ಲ.

"ದುಃಖದಲ್ಲಿ ಗಂಟಲಲ್ಲಿ ಇಳಿಯಲ್ಲಮ್ಮ," ಅಂದಿದ್ದಳು ಯಾರೋ ಒಬ್ಬಳು.

ದುಃಖ ಅಲ್ಲ. ಸೊಸೆಗೆ ಬೆಳಿಗ್ಗೆಯೇ ಹೊಳೆದಿತ್ತು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ. ಮೇಲಿನ ಮನೆಯ ಟೀಚರಮ್ಮ ತಮ್ಮ ಬಚ್ಚಲಿಗೆ ಕರೆದಿದ್ದರು. ಅತ್ತೆ ಮೆಟ್ಟಿಲುಗಳನ್ನು ನೋಡಿ ತಲೆ ಅಲ್ಲಾಡಿಸಿದ್ದಳು. ರಾತ್ರಿ ಹಾಸಿಗೆಯ ಹತ್ತಿರ ಸೊಸೆ ಇಟ್ಟ ಪಾತ್ರೆಯನ್ನು ಕಾಲಿನಿಂದಲೇ ದೂರ ತಳ್ಳಿದ್ದಳು. ಈಗ ಅವಳ ತುಟಿ ಬಿರಿದಿತ್ತು, ಕೂತಲ್ಲೇ ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿದ್ದಳು.

"ಡಾಕ್ಟರು ಹೇಳಿಲ್ವಾ, ಹೀಗೇ ಇದ್ರೆ ಸಂಜೆಗೆ ಡ್ರಿಪ್ ಹಾಕಿಸಬೇಕು ಅಂತ," ನಾದಿನಿ ಸೊಸೆಯ ಕಿವಿಯಲ್ಲಿ ಅಂದಳು. "ನಾನು ನಿರ್ಧಾರ ಮಾಡಿಬಿಟ್ಟಿದೀನಿ. ಇವತ್ತು ಎಲ್ಲ ಮುಗಿದ ತಕ್ಷಣ ಅಮ್ಮ ನನ್ನ ಜೊತೆ ಬರ್ತಾಳೆ. ಈ ಮನೇಲಿ ಇನ್ನೊಂದು ರಾತ್ರಿ ಇರೋದು ಬೇಡ."

"ನಿಮ್ಮನೆ ಬಾತ್‌ರೂಮು ಕನ್ನಡಿ ಹಾಗಿದೆ ಅಕ್ಕ. ಕಳೆದ ಸಲ ನಾನೇ ಜಾರಿದ್ದೆ."

"ನಮ್ಮನೆಯದು ಬಾತ್‌ರೂಮ್ ಹಾಗಾದ್ರೂ ಇದೆ. ಇದು ಬಸ್ ಡಿಪೋ." ನಾದಿನಿಯ ಕಣ್ಣು ತುಂಬಿ ಬಂತು. "ನನ್ನಮ್ಮ ಒಳಗೆ ಕೂತು ಬೆಲ್ ಹೊಡೆದೂ ಹೊಡೆದೂ... ಆ ಬೆಲ್ಲು, ಆ ಕಂಬಿ, ಒಂದೂ ಇರಬಾರದು. ಇವತ್ತೇ ಕೀಳಿಸ್ತೀನಿ." ಕಣ್ಣೊರೆಸಿಕೊಂಡು ವ್ಯಾನಿನ ಕಡೆ ಹೊರಟಳು.

ಎದುರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದವನು ಮಾವನ ಜೋಡಿ ಡ್ರೈವರ್. ಮಾವ ಕರೆಯುತ್ತಿದ್ದುದು ಗುರುವೇ ಅಂತ. ಇಂಜಿನ್ನಿನ ಪಕ್ಕ ಕೂತು ಕೂತು ಅವನ ಎರಡೂ ಕಿವಿ ಹೋಗಿದ್ದವು. ಬೆಳಿಗ್ಗೆ ಬಂದವನು ಯಾರ ಮಾತಿಗೂ ಹೂಂ ಅಂದಿರಲಿಲ್ಲ.

"ಇವರಿಗೆ ಏನು ಹೇಳಿದ್ರೂ ದಂಡ," ಅಂದಳು ಅವನ ಹೆಂಡತಿ ಪಕ್ಕದವಳಿಗೆ. "ನಾನು ಮದುವೆಯಾದಾಗಿಂದ ಕೂಗ್ತಾ ಇದೀನಿ, ಒಂದೂ ಕೇಳಿಸಿಲ್ಲ. ಬೆಲ್ ಮಾತ್ರ ಕೇಳುತ್ತೆ ಇವರಿಗೆ. ಪಕ್ಕದ ಬೀದೀಲಿ ಸೈಕಲ್ ಬೆಲ್ ಆದ್ರೂ ತಲೆ ಎತ್ತುತ್ತಾರೆ."

ಪಕ್ಕದವಳು ಸೆರಗಿನ ಮರೆಯಲ್ಲಿ ನಕ್ಕಳು. ಡ್ರೈವರ್ ಮಾತ್ರ ಅತ್ತೆಯನ್ನೇ ನೋಡುತ್ತಿದ್ದ. ಆಮೇಲೆ ಗೋಡೆ ಹಿಡಿದು ಎದ್ದು, ಮೂಲೆಯ ಮಡಕೆಯಿಂದ ಒಂದು ಲೋಟ ನೀರು ತಂದು ಅವಳ ಮುಂದೆ ಹಿಡಿದ. ಕಿವಿ ಕೇಳದವರ ಹಾಗೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹೇಳಿದ.

"ಕುಡಿಯಮ್ಮ. ದೂರದ ಟ್ರಿಪ್ಪು."

ಅತ್ತೆ ಲೋಟವನ್ನು ನೋಡಿದಳು, ಅವನನ್ನು ನೋಡಿದಳು. ತನ್ನ ಗಂಡನನ್ನು ಅಷ್ಟು ವರ್ಷ ಸುರಕ್ಷಿತವಾಗಿ ಮನೆಗೆ ತಂದು ಬಿಟ್ಟವನ ಮಾತು ಮೀರಲಾರದವಳ ಹಾಗೆ, ಲೋಟ ತೆಗೆದುಕೊಂಡು ಒಂದೇ ಉಸಿರಿಗೆ ಗಟಗಟನೆ ಕುಡಿದಳು. ಇನ್ನೊಂದು ಲೋಟಕ್ಕೂ ಕೈ ಚಾಚಿದಳು.

ಸೊಸೆಗೆ ಹೋದ ಜೀವ ಬಂದ ಹಾಗಾಯಿತು.

*

ನಿನ್ನೆ ಮಧ್ಯಾಹ್ನ ಅವಳು ಕೆಲಸದಿಂದ ಬರುವಾಗ ಗೇಟಿನಲ್ಲಿ ಟೀಚರಮ್ಮ ಎದುರಾಗಿದ್ದರು. ಕೈಯಲ್ಲಿ ತರಕಾರಿ ಚೀಲ, ಮುಖದಲ್ಲಿ ನಗು.

"ನಿಮ್ಮ ಬಸ್ಸು ಇವತ್ತು ಎಲ್ಲಾ ಸ್ಟಾಪಲ್ಲೂ ನಿಲ್ತಾ ಇದೆ ಕಣ್ರೀ," ಅಂದರು. "ಆಗಿಂದ ಟಣ್ ಟಣ್ ಅಂತ. ಅಜ್ಜಿಗೆ ಇವತ್ತು ಏನು ಖುಷಿಯೋ."

ಸೊಸೆಯೂ ನಕ್ಕಿದ್ದಳು. ಬೀಗ ತೆಗೆಯುವಾಗ ಗಂಟೆ ಮತ್ತೆ ಕೇಳಿಸಿತು. ಒಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮತ್ತೆ ಒಂದು. ಎರಡು ಕೂಡಿ ಬರಲಿಲ್ಲ. ಅವಳ ನಗು ಹಾಲ್ ದಾಟುವಷ್ಟರಲ್ಲಿ ಹೋಯಿತು.

ಮಾವ ಸ್ಟೂಲಿನ ಮೇಲೆ ಕೂತಿದ್ದ. ಬೆನ್ನು ಬಾಗಿಲಿಗೆ, ಗಲ್ಲ ಎದೆಗೆ, ತೊಡೆಯ ಮೇಲೆ ಅತ್ತೆಯ ಟವೆಲ್ಲು ಮಡಿಸಿಟ್ಟ ಹಾಗೇ. ಒಳಗಿನಿಂದ ಬಾಗಿಲು ಒಂದಿಷ್ಟು ಅಲುಗುತ್ತಿತ್ತು. ಅದು ಅಲುಗಿದಾಗ ಮಾವನ ತಲೆಯೂ ಅಲುಗುತ್ತಿತ್ತು, ಹೌದು ಹೌದು ಅಂದ ಹಾಗೆ.

"ಮಾವ, ಬೆಲ್ ಕೇಳ್ತಿಲ್ವಾ?" ಅಂದಳು. ಭುಜ ಮುಟ್ಟಿದ ಮೇಲೆ ಮತ್ತೆ ಕೇಳಲಿಲ್ಲ.

ಒಳಗಿನಿಂದ ಅತ್ತೆಯ ದನಿ, ಕೂಗಿ ಕೂಗಿ ಒಡೆದದ್ದು. "ಸಾಕು ನಿಮ್ಮ ಆಟ. ಚಳಿಯಾಗ್ತಿದೆ ರೀ. ಏಳ್ರೀ ಆ ಕಡೆ."

ಅವನನ್ನು ಅಲ್ಲಿಂದ ಸರಿಸದೆ ಬಾಗಿಲು ತೆರೆಯುವಂತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಮಾವನ ಕೈ ಕೂಡ ಮುಟ್ಟದ ಸೊಸೆ, ಅವನ ಕಂಕುಳಿಗೆ ಎರಡೂ ಕೈ ಕೊಟ್ಟು, ಎದೆಗವಚಿಕೊಂಡು, ಅಂಗುಲ ಅಂಗುಲವಾಗಿ ನೆಲಕ್ಕೆ ಇಳಿಸಿದಳು. ಇಳಿಸುವಷ್ಟು ಹೊತ್ತೂ ತಲೆಯ ಮೇಲೆ ಗಂಟೆ ಹೊಡೆಯುತ್ತಲೇ ಇತ್ತು. "ಬಂದೆ ಅತ್ತೆ," ಅನ್ನಬೇಕು ಅನ್ನಿಸಿತು.

ಬಾಗಿಲು ತೆರೆದಾಗ ಅತ್ತೆ ಹಳದಿ ಕಂಬಿ ಹಿಡಿದು ನಿಂತಿದ್ದಳು, ಕೂದಲು ಆಗಲೇ ಅರ್ಧ ಒಣಗಿ. ಅವಳ ಕಣ್ಣು ಸೊಸೆಯ ಮುಖದಿಂದ ಕೆಳಕ್ಕಿಳಿಯಿತು. ನೆಲದ ಮೇಲೆ ನಿಂತಿತು. ಅಲ್ಲಿಗೆ ಅವಳ ಮಾತು ನಿಂತದ್ದು.

*

ಗೇಟಿನ ಹತ್ತಿರ ವ್ಯಾನಿನವನು ಹಿಂಬಾಗಿಲು ತೆರೆದು ಸ್ಟ್ರೆಚರ್ ಎಳೆಯುತ್ತಿದ್ದ. ಅಕ್ಕ ತಮ್ಮ ಅಲ್ಲೇ ಶುರು ಹಚ್ಚಿಕೊಂಡಿದ್ದರು.

"ನೀನು ಮಾಡಿದ್ದು ಸಾಕು ಕಣೋ. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ."

"ನಾನೇನ್ ಮಾಡಿದೆ?"

"ಬಾಗಿಲು ತಿರುಗಿಸಿದ್ಯಾರು?"

"ಒಳಕ್ಕೆ ತೆರೆದಾಗಲೂ ಸಿಕ್ಕಿಕೊಂಡ್ಲು, ಹೊರಕ್ಕೆ ತೆರೆದಾಗಲೂ ಸಿಕ್ಕಿಕೊಂಡ್ಲು. ನಾನೇನು ಮಾಡ್ಲಿ ಹೇಳು. ಗೋಡೆ ಒಡೆದು ಹಾಕ್ಲಾ?"

"ಮೆಲ್ಲಗೆ," ಅಂದಳು ಸೊಸೆ ನಡುವೆ ಬಂದು. "ಅತ್ತೆಗೆ ಕೇಳಿಸುತ್ತೆ. ಈಗ ತಾನೇ ಎರಡು ಲೋಟ ನೀರು ಕುಡಿದಿದಾರೆ. ಡ್ರೈವರ್ ಮಾಮ ಕುಡಿಸಿದ್ರು."

ನಾದಿನಿ ತಮ್ಮನನ್ನು ಬಿಟ್ಟು ಅವಳತ್ತ ತಿರುಗಿದಳು. "ಕುಡಿದ್ಲಾ? ಸದ್ಯ."

ಆಗಲೇ ಸೊಸೆಗೆ ತಲೆಯೊಳಗೆ ಏನೋ ಕಳಚಿ ಬಿದ್ದ ಹಾಗಾದದ್ದು. ಎರಡು ಲೋಟ ನೀರು. ನಿನ್ನೆಯಿಂದ ಬಿಗಿಹಿಡಿದದ್ದು. ಅವಳು ತಿರುಗಿ ಹಾಲ್‌ನತ್ತ ನೋಡಿದಳು. ಜನರ ನಡುವೆ ಪೆಟ್ಟಿಗೆ ಕಾಣಿಸಿತು. ಪೆಟ್ಟಿಗೆಯ ತಲೆಯ ಬದಿ ಖಾಲಿ.

"ರೀ, ಆ ಬಾಗಿಲು," ಅಂದಳು. ಮೂವರೂ ಓಡಿದರು.

ಬಚ್ಚಲ ಬಾಗಿಲು ಮುಚ್ಚಿತ್ತು. ಮರದ ಚಕ್ಕೆ ಪಕ್ಕಕ್ಕೆ ಬಿದ್ದಿತ್ತು. ನೆಲದ ಮೇಲೆ ಬಾಗಿಲು ಎಳೆದ ಗೀರು. ಮೇಲಿನ ಮೂಲೆ ಚೌಕಟ್ಟಿನಿಂದ ಒಂದು ಗೇಣು ಹೊರಕ್ಕೆ ವಾಲಿತ್ತು, ನಡುವಿನ ಸ್ಕ್ರೂ ಅರ್ಧ ಕಿತ್ತು ಬಂದು ಓರೆಯಾಗಿತ್ತು. ತೇಗದ ಬಾಗಿಲು. ಒಳಗಿನಿಂದ ಯಾರಾದರೂ ಅದಕ್ಕೆ ಭಾರ ಹಾಕಿದರೆ ಬಾಗಿಲೂ ಹೊರಗೆ, ಭಾರ ಹಾಕಿದವರೂ ಅದರ ಮೇಲೆ.

"ಅಮ್ಮಾ, ಮುಟ್ಟಬೇಡ ಬಾಗಿಲು," ಗಂಡ ಕೂಗಿದ. ಒಳಗೆ ನೀರು ಸುರಿದ ಸದ್ದು, ತಗಡಿನ ಮೇಲೆ ಹೆಜ್ಜೆಯ ಸದ್ದು. ಬಾಗಿಲು ಅಲುಗಿತು.

ಗಂಡ ಯೋಚಿಸಲಿಲ್ಲ. ಹಾರಿ ಹೋಗಿ ಭುಜ ಕೊಟ್ಟು ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದ. ಬಾಗಿಲು ನಿಂತಿತು.

ಒಳಗಿನಿಂದ ಅತ್ತೆ ತಳ್ಳಿದಳು. ಬರಲಿಲ್ಲ. ಮತ್ತೆ ತಳ್ಳಿದಳು. ಗಂಡಸಿನ ಮೈಭಾರ, ನಿನ್ನೆಯ ಹಾಗೇ, ಬಾಗಿಲ ಆಚೆ.

ಟಣ್.

ಓಣಿಯ ತುದಿಯಲ್ಲಿ ಜನ ಗುಂಪು ಕಟ್ಟಿದ್ದರು. ಟೀಚರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಟಣ್. ಸ್ವಲ್ಪ ಹೊತ್ತು ಬಿಟ್ಟು, ಟಣ್.

"ಅಮ್ಮಾ, ನಾನು ಕಣಮ್ಮಾ, ನಾನು ಹಿಡ್ಕೊಂಡಿರೋದು," ಅಂದ ಗಂಡ, ಹೆಂಡತಿಯತ್ತ ತಿರುಗಿದ. "ಬಿಟ್ರೆ ಬೀಳುತ್ತೆ. ಬಿಡ್ಲಿಲ್ಲ ಅಂದ್ರೆ ಅವಳು... ಏನ್ ಮಾಡ್ಲಿ?"

ಒಳಗೆ ಹೆಜ್ಜೆಗಳು ತೊಡರುವುದು ಕೇಳಿಸಿತು. ತಗಡಿನ ಮೇಲೆ ಒದ್ದೆ ಪಾದ ಜಾರಿ ಮತ್ತೆ ನಿಂತ ಕಿರ್ ಸದ್ದು. ಅವಳು ಕಂಬಿ ಬಿಟ್ಟಿದ್ದಳು. ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದಳು.

"ಒಡೀರಿ, ಎಳೀರಿ, ಏನಾದ್ರೂ ಮಾಡ್ರೋ," ನಾದಿನಿ ಕಿರುಚಿದಳು.

ಸ್ಟೂಲು ಓಣಿಯ ಮೂಲೆಯಲ್ಲಿತ್ತು. ನಿನ್ನೆಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹಾಯುವಾಗ ಬಟ್ಟೆ ತಗುಲದ ಹಾಗೆ ಹಾಯುತ್ತಿದ್ದರು. ಸೊಸೆ ಅದನ್ನು ಕಾಲಿನಿಂದ ಎಳೆದು ಬಾಗಿಲ ಪಕ್ಕಕ್ಕೆ ಹಾಕಿ ಕೂತಳು. ಸ್ಟೂಲಿನ ಒಂದು ಕಾಲು ಗಿಡ್ಡ, ಕೂತಾಗ ಕಟ್ ಅನ್ನುತ್ತದೆ. ಕಟ್ ಅಂದಿತು.

ಒಳಗೆ ಬಡಿತ ನಿಂತಿತು.

ಸೊಸೆ ಬಾಗಿಲಿನ ಹತ್ತಿರಕ್ಕೆ ಬಾಗಿದಳು. "ಹೋಲ್ಡಾನ್," ಅಂದಳು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ಹೋಲ್ಡಾನ್. ಸ್ಟಾಪ್ ಇನ್ನೂ ಬಂದಿಲ್ಲ ಅತ್ತೆ. ಕೂತ್ಕೊಳ್ಳಿ."

ಒಳಗೆ ತಗಡಿನ ಮೇಲೆ ಒಂದು ಹೆಜ್ಜೆ ಸರಿಯಿತು.

"ಕಂಬಿ ಹಿಡ್ಕೊಳ್ಳಿ ಮೊದ್ಲು. ಹಿಡ್ಕೊಂಡ್ರಾ? ನಿಧಾನಕ್ಕೆ. ಆಮೇಲೆ ಸೀಟು. ನಾನಿಲ್ಲೇ ಕೂತಿದೀನಿ. ಎದ್ದು ಹೋಗಲ್ಲ."

ಆಮೇಲೆ ಉಂಗುರವೊಂದು ಉಕ್ಕಿಗೆ ತಗುಲಿದ ಸಣ್ಣ ಸದ್ದು. ಅದರ ಹಿಂದೆ ಹಳೆಯ ಕಂಡಕ್ಟರ್ ಸೀಟಿನ ಸ್ಪ್ರಿಂಗು ನರಳಿದ ಸದ್ದು.

"ಕೂತ್ರು," ಸೊಸೆ ತಲೆ ತಿರುಗಿಸದೆ ಹೇಳಿದಳು. "ರೀ, ಸ್ಕ್ರೂ ಹಾಕಿ."

"ಕೈ ಬಿಟ್ರೆ..."

"ನಾನು ಹಿಡೀತೀನಿ, ಸರಿಯೋ ಆಚೆ." ನಾದಿನಿ ತಮ್ಮನನ್ನು ಪಕ್ಕಕ್ಕೆ ತಳ್ಳಿ, ಬಾಗಿಲಿಗೆ ಎರಡೂ ಅಂಗೈ ಊರಿ, ಕಾಲು ಅಗಲಿಸಿ ನಿಂತಳು. ಅವಳ ಮುಖ ಕೆಂಪಾಗಿತ್ತು, ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. "ಬೇಗ ಹಾಕೋ. ಎಲ್ಲಾ ಹಾಕು. ಒಂದೂ ಬಿಡಬೇಡ."

ಗಂಡ ಜೇಬಿನಿಂದ ಸ್ಕ್ರೂಗಳನ್ನು ಅಂಗೈಗೆ ಸುರಿದುಕೊಂಡ. ದಿನವಿಡೀ ಅದೇ ಕೆಲಸ ಮಾಡುವ ಕೈ. ಆದರೂ ಮೊದಲನೆಯದು ತೂತಿಗೆ ಸಿಗದೆ ಕೆಳಗೆ ಬಿತ್ತು. ಟೀಚರಮ್ಮ ಮಂಡಿಯೂರಿ ಹುಡುಕಿ ಕೊಟ್ಟರು. ಎರಡನೆಯದು ಹಿಡಿಯಿತು. ಸ್ಕ್ರೂ ಮರದೊಳಗೆ ಇಳಿಯುವ ಸದ್ದು ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳುತ್ತಿತ್ತು.

ಸೊಸೆ ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅತ್ತೆ ಎದ್ದಾಳೆಂಬ ಭಯ. "ಇವರು ಬಾಗಿಲು ರಿಪೇರಿ ಮಾಡ್ತಿದಾರೆ ಅತ್ತೆ. ಅಕ್ಕ ಹಿಡ್ಕೊಂಡಿದಾರೆ. ಟೀಚರಮ್ಮ ಸ್ಕ್ರೂ ಹುಡುಕ್ತಾ ಇದಾರೆ. ಗೇಟಲ್ಲಿ ನಿಂತು ಕೆಲಸ ತಪ್ಪಿಸ್ಕೊಂಡಿರೋನು ಅಂದ್ರೆ ಆ ವ್ಯಾನಿನವನೊಬ್ಬನೇ. ಕಾಲು ಒರೆಸ್ಕೊಳ್ಳಿ ಅಷ್ಟರಲ್ಲಿ. ಬಲಗಡೆ ಟವೆಲ್ಲಿದೆ."

ಒಳಗಿನಿಂದ ಬಟ್ಟೆ ಸರಿದ ಸದ್ದು ಬಂತು. ಒರೆಸಿಕೊಳ್ಳುತ್ತಿದ್ದಳು.

ಮೇಲಿನ ಕೀಲು ಬಿಗಿಯಿತು. ನಡುವಿನದೂ ಬಿಗಿಯಿತು. ತಲೆ ಸವೆದ ಆ ಸ್ಕ್ರೂವನ್ನು ಗಂಡ ಕೈಯ ಬುಡದಿಂದ ಗುದ್ದಿ ಗುದ್ದಿ ಒಳಕ್ಕೆ ಕಳಿಸಿದ. ಆಮೇಲೆ ಬಾಗಿಲನ್ನು ಒಂದಿಷ್ಟು ಎಳೆದು, ಬಿಟ್ಟು, ಕಿವಿಗೊಟ್ಟು ನೋಡಿದ. ಸಲೀಸಾಗಿ ಹೋಗಿ ಬಂತು. ಅವನು ಅಕ್ಕನ ಕಡೆ ನೋಡಿದ. ಅವಳು ಕೈ ತೆಗೆದಳು. ಇಬ್ಬರೂ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತರು, ಬಾಗಿಲ ಮುಂದೆ ಜಾಗ ಖಾಲಿ ಬಿಟ್ಟು.

"ಕೇಳು," ಅಂದ ಗಂಡ, ಬರಿ ತುಟಿಯಲ್ಲಿ.

ಸೊಸೆ ಮುಚ್ಚಿದ ಬಾಗಿಲ ಕಡೆ ಮುಖ ತಿರುಗಿಸಿದಳು. ಎರಡು ವರ್ಷ ದಿನವೂ ಕೇಳಿದ ಮಾತು. ತನ್ನ ಬಾಯಲ್ಲಿ ಹೇಗಿರುತ್ತದೋ ಅವಳಿಗೆ ಗೊತ್ತಿರಲಿಲ್ಲ.

"ರೈಟಾ?" ಅಂದಳು.

ಹಾಲ್‌ನಲ್ಲಿ ಐಸ್ ಪೆಟ್ಟಿಗೆಯ ಗುಂಯ್ ಅನ್ನುವ ಸದ್ದೊಂದೇ. ಪೆಟ್ಟಿಗೆಯ ಪಕ್ಕ ಕಿವುಡ ಡ್ರೈವರ್ ಒಬ್ಬನೇ ಉಳಿದಿದ್ದ, ಆದದ್ದು ಯಾವುದೂ ತಿಳಿಯದೆ, ಗೋಡೆಗೆ ಒರಗಿ ಕಾಲು ಚಾಚಿಕೊಂಡು, ಗುರುತಿನ ಮುಖವನ್ನು ಗಾಜಿನ ಮೇಲಿನಿಂದ ನೋಡುತ್ತ.

ಟಣ್ ಟಣ್.

ಅವನ ಬಲಗಾಲ ಪಾದ ಮೆಲ್ಲಗೆ ಮುಂದಕ್ಕೆ ಒತ್ತಿತು.